ಬಂದರಿನ ಧೂಳು ಮತ್ತು ನಮ್ಮ ಅಂಗಳದ ಅಡಿಕೆ

ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಬೆಳೆಗಾರ ಬಂಧುಗಳಿಗೆ ಬಂದರು ಹೊಸತಲ್ಲ. ನಮ್ಮ ಕಾಳುಮೆಣಸು ಹಡಗು ಹತ್ತಿದ್ದು ಈ ಅಳಿವೆಗಳಿಂದಲೇ. 19ನೆಯ ಶತಮಾನದಲ್ಲಿ ಘಟ್ಟದ ಮೇಲಿನ ಹತ್ತಿಯು ಇಲ್ಲಿಂದ ಮುಂಬಯಿಗೆ ಹೋಗಿ 'ಕುಮಟಾ ಹತ್ತಿ' ಎಂದೇ ಹೆಸರು ಪಡೆಯಿತು. ಆದರೆ ಮೆಣಸು, ಹತ್ತಿ ಕಟ್ಟಿ ಸಾಗಿಸುವ ಮಾಲು. ಅದಿರು, ಕಲ್ಲಿದ್ದಲು ಬಿಡಿಯಾಗಿ ಸುರಿಯುವ ಮಾಲು. ವ್ಯತ್ಯಾಸವೆಲ್ಲ ಆ ಸುರಿಯುವುದರಲ್ಲಿದೆ.

ಲಾರಿಯಿಂದ ರಾಶಿಗೆ, ರಾಶಿಯಿಂದ ಬಾರ್ಜಿಗೆ, ಬಾರ್ಜಿನಿಂದ ಹಡಗಿಗೆ ಮಾಲು ಬೀಳುವಾಗ ಪ್ರತಿ ಸಲವೂ ಧೂಳು ಏಳುತ್ತದೆ. ಬೀಳುವ ಎತ್ತರ ಹೆಚ್ಚಿದಷ್ಟೂ, ಮಾಲು ಒಣಗಿದಷ್ಟೂ, ಗಾಳಿ ಬಲವಾದಷ್ಟೂ ಧೂಳು ಹೆಚ್ಚು. ದಪ್ಪ ಕಣ ಹತ್ತಿರದಲ್ಲೇ ಕೂರುತ್ತದೆ. ಸಣ್ಣ ಕಣ ದೂರ ಹೋಗಿ ಶ್ವಾಸಕೋಶದ ಒಳಕ್ಕೂ ಇಳಿಯುತ್ತದೆ. ನಮ್ಮ ಕರಾವಳಿಯಲ್ಲಿ ಹಗಲು ಹೊತ್ತು ಕಡಲಗಾಳಿ ಒಳನಾಡಿಗೆ ಬೀಸುವುದರಿಂದ ಅದು ಹೋಗುವುದು ಕಣಿವೆಯ ತೋಟಗಳ ಕಡೆಗೇ.

ಇನ್ನೊಂದು ಸಂಗತಿಯನ್ನು ಬೆಳೆಗಾರರು ವಿಶೇಷವಾಗಿ ಗಮನಿಸಬೇಕು. ಮಳೆಗಾಲದಲ್ಲಿ ನಮ್ಮ ಸಣ್ಣ ಬಂದರುಗಳ ಕೆಲಸ ನಿಲ್ಲುತ್ತದೆ. ಮಳೆ ಕಳೆದ ಮೇಲೆ ಅದಿರು ಹೊರಡುವ ತಿಂಗಳುಗಳೇ ಅಡಿಕೆ ಒಣಗುವ ತಿಂಗಳುಗಳು. ಇಬ್ಬರಿಗೂ ಬೇಕಾದದ್ದು ಒಂದೇ ಬಿಸಿಲು. ಚಾಲಿ ಸಿಪ್ಪೆಯೊಳಗೆ ಸುಮಾರು ಒಂದೂವರೆ ತಿಂಗಳು ಒಣಗುವುದರಿಂದ ಒಳಗಿನ ಅಡಿಕೆಗೆ ಅಷ್ಟಾಗಿ ಧೂಳು ತಾಗದು. ಆದರೆ ಸುಲಿಯುವವರ ಮೂಗಿಗೆ ಅದು ತಪ್ಪದು. ಕೆಂಪಡಿಕೆಗೆ ಆ ರಕ್ಷಣೆಯೂ ಇಲ್ಲ. ಸುಲಿದು, ಬೇಯಿಸಿ, ಚೊಗರು ಹಿಡಿದ ಹಸಿ ಹೋಳಿಗೆ ಕೂತ ಧೂಳು ಅಲ್ಲೇ ಒಣಗಿ ಅಂಟುತ್ತದೆ. ಚಾಪೆಯ ಮೇಲಿನ ಮೆಣಸಿನದೂ, ಕಾಸರಕೋಡಿನ ಮರಳಿನ ಮೇಲೆ ಒಣಗುವ ಮೀನಿನದೂ ಇದೇ ಪಾಡು.

ಇದು ಬರೀ ಊಹೆಯಲ್ಲ. ಬಳ್ಳಾರಿ-ಹೊಸಪೇಟೆಯ ಅದಿರು ಹುಬ್ಬಳ್ಳಿ, ಯಲ್ಲಾಪುರ, ಅರಬೈಲು ಘಟ್ಟ ದಾಟಿ ಬೇಲೆಕೇರಿ, ಕಾರವಾರಗಳಿಗೆ ಬರುತ್ತಿದ್ದ ವರ್ಷಗಳಲ್ಲಿ ಹೆದ್ದಾರಿಯ ಬದಿಯ ಎಲೆಗಳು ಹಸಿರು ಬಣ್ಣವನ್ನೇ ಮರೆತಿದ್ದವು. ಎಲೆಯ ಮೇಲೆ ಪದರ ಕೂತರೆ ಬೆಳಕು ತಗ್ಗುತ್ತದೆ, ಉಸಿರಾಡುವ ರಂಧ್ರಗಳು ಮುಚ್ಚುತ್ತವೆ. 2010ರಲ್ಲಿ ಬೇಲೆಕೇರಿಯಲ್ಲಿ ಜಪ್ತಿಯಾದ ಅದಿರು ಲಕ್ಷಗಟ್ಟಲೆ ಟನ್ನು ಕಾಣೆಯಾದಾಗ ನಾಡೆಲ್ಲ ಲೆಕ್ಕ ಕೇಳಿತು. ಧೂಳಿನ ಲೆಕ್ಕ ಕೇಳಿದವರು ಕಡಿಮೆ. ಅದೇ ವರ್ಷ ರಾಜ್ಯ ಸರಕಾರ ಬಂದರುಗಳಿಂದ ಅದಿರು ರಫ್ತನ್ನು ನಿಲ್ಲಿಸಿತು. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಕರ್ನಾಟಕದ ಅದಿರಿನ ರಫ್ತಿಗೆ ಮತ್ತೆ ಅವಕಾಶ ಕೊಟ್ಟಿದೆ. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರಿನ ಯೋಜನೆಗೆ ಮೀನುಗಾರರು ವರ್ಷಗಳಿಂದ ವಿರೋಧ ತೋರುತ್ತಿದ್ದಾರೆ. ತೋಟಿಗರು ಅದನ್ನು ದಡದವರ ಜಗಳವೆಂದು ತಿಳಿಯುವುದು ಸರಿಯಲ್ಲ.

ಧೂಳು ತಡೆಯುವ ವಿದ್ಯೆ ದೊಡ್ಡದೇನಲ್ಲ. ಮುಚ್ಚಿದ ಕನ್ವೇಯರ್ ಪಟ್ಟಿ, ಬೀಳುವ ಎತ್ತರ ತಗ್ಗಿಸುವ ಕೊಳವೆ, ರಾಶಿಗೆ ನೀರಿನ ಸಿಂಪರಣೆ, ಬಿಗಿದು ಕಟ್ಟಿದ ತಾಡಪಾಲು, ಬಂದರಿನಿಂದ ಹೊರಡುವ ಮುನ್ನ ಲಾರಿಯ ಗಾಲಿ ತೊಳೆಯುವ ಕಟ್ಟೆ, ಇವಿಷ್ಟೇ. ಸಿಂಪಡಿಸಿದ ನೀರು ಮಾತ್ರ ಹಳ್ಳಕ್ಕೆ ಹರಿಯದಂತೆ ಹೊಂಡ ಬೇಕು. ಖರ್ಚು ಉಳಿಸುವವರು ಮೊದಲು ಬಿಡುವುದು ಈ ಹೊಂಡವನ್ನೇ.

ಕಾಫಿ ಬೆಳೆದ ಭೂಮಿ ಕಾಡು ಕಡಿದದ್ದೇ ಎಂದು ಕೇಳುವ ಕಾನೂನನ್ನು ಐರೋಪ್ಯ ಒಕ್ಕೂಟ 2023ರಲ್ಲಿ ಮಾಡಿತು. ತೋಟದ ಸ್ಥಳವಿವರ ನಾವು ಕೊಡಬೇಕು, ಸರಿ. ತೋಟದಿಂದ ಹಡಗಿನವರೆಗಿನ ದಾರಿ ಎಷ್ಟು ಶುದ್ಧ ಎಂದು ಆ ಕಾನೂನು ಕೇಳುವುದಿಲ್ಲ. ಅದನ್ನು ಕೇಳಬೇಕಾದವರು ನಾವು.

ಕೇಳಲು ಜಾಗವಿದೆ. ದೊಡ್ಡ ಬಂದರು ಯೋಜನೆಗಳಿಗೆ 2006ರ ಪರಿಸರ ಅಧಿಸೂಚನೆಯಂತೆ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು, ಅದಕ್ಕೆ ಕನಿಷ್ಠ 30 ದಿನ ಮೊದಲು ಪ್ರಕಟಣೆ ಬರಬೇಕು. ವರದಿಯ ಸಾರಾಂಶ ಕನ್ನಡದಲ್ಲಿ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ನೋಡಲು ಸಿಗಬೇಕು. ಓದುವಾಗ ಬಂದರಿನ ಬೇಲಿಯೊಳಗಿನ ವಿವರಕ್ಕಿಂತ ಲಾರಿ ಬರುವ ರಸ್ತೆಯ ವಿವರವನ್ನು ಮೊದಲು ಹುಡುಕಿರಿ. 24 ಗಂಟೆಯ ಸರಾಸರಿಯಲ್ಲಿ ಪಿ.ಎಂ. 10 ಕಣಗಳ ರಾಷ್ಟ್ರೀಯ ಮಿತಿ ಘನಮೀಟರಿಗೆ 100 ಮೈಕ್ರೋಗ್ರಾಂ. ಅಳತೆ ಮಾಡಿದ ತಿಂಗಳು ಯಾವುದು ಎಂದು ನೋಡಿರಿ. ಮಳೆಗಾಲದ ಅಳತೆ ನಮ್ಮ ಅಂಗಳಕ್ಕೆ ಉಪಯೋಗವಿಲ್ಲ. ಸಭೆಗೆ ಹೋಗಲಾಗದವರು ಆಕ್ಷೇಪಣೆಯನ್ನು ಬರೆದು ಮಾಲಿನ್ಯ ನಿಯಂತ್ರಣ ಮಂಡಳಿಗೆ ಕಳುಹಿಸಬಹುದು.