ಹರಿಗೋಲಿಗೆ ಮೊದಲು ಹೊಳೆಯನ್ನು ಕಲಿಯಬೇಕು

ಹರಿಗೋಲು ದೊಡ್ಡ ಬುಟ್ಟಿಯ ಆಕಾರದ ದೋಣಿ. ಬಿದಿರಿನ ದಬ್ಬೆಗಳನ್ನು ಹೆಣೆದು ಹಿಂದೆ ಹೊರಮೈಗೆ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ತುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಹದಿನೈದಿಪ್ಪತ್ತು ಜನರನ್ನು ಹೊರುವ ಈ ದೋಣಿ ನೇರವಾಗಿ ಸಾಗದೆ ಗಿರಗಿರನೆ ಸುತ್ತುತ್ತದೆ ಎಂದು ಬರೆದಿದ್ದಾನೆ. ಘಟಪ್ರಭೆಯಲ್ಲಿ ಮೀನು ಹಿಡಿಯಲೆಂದು ಹರಿಗೋಲು ಕೊಂಡ ಹೊಸಬನಿಗೂ ಮೊದಲ ತೊಡಕು ಇದೇ.

ಹರಿಗೋಲಿಗೆ ಮುಂದು ಹಿಂದು ಎಂಬುದಿಲ್ಲ. ಒಂದೇ ಮಗ್ಗುಲಲ್ಲಿ ಹುಟ್ಟು ಹಾಕಿದರೆ ನಿಂತಲ್ಲೇ ತಿರುಗುತ್ತದೆ. ಆದ್ದರಿಂದ ಹೋಗಬೇಕಾದ ದಿಕ್ಕಿಗೆ ಮುಖ ಮಾಡಿ ಅಂಚಿನ ಬಳಿ ಕುಳಿತು, ಮುಂದಿನ ನೀರನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಓರೆಯಾಗಿ ತನ್ನತ್ತ ಎಳೆದುಕೊಳ್ಳಬೇಕು. ಈ ಅಭ್ಯಾಸವನ್ನು ಬೇಸಿಗೆಯಲ್ಲಿ, ಸೊಂಟದುದ್ದದ ನಿಂತ ನೀರಿನಲ್ಲಿ, ಅನುಭವಿ ಅಂಬಿಗನ ಜೊತೆ ಮಾಡುವುದು ಕ್ಷೇಮ. ಈಜು ಬಂದರೂ ಜೀವರಕ್ಷಕ ಜಾಕೆಟ್ ಮೈಮೇಲಿರಬೇಕು.

ಹತ್ತುವಾಗ ಕಾಲನ್ನು ನಡುಮಧ್ಯಕ್ಕೆ ಇಟ್ಟು ಕೂಡಲೇ ಕುಳಿತುಕೊಳ್ಳಬೇಕು. ಭಾರ ಸುತ್ತಲೂ ಸಮನಾಗಿರಬೇಕು. ಬಲೆ ಎಳೆಯಲು ಇಬ್ಬರೂ ಒಂದೇ ಅಂಚಿಗೆ ಬಾಗಿದರೆ ಆ ಅಂಚು ಮುಳುಗಿ ನೀರು ನುಗ್ಗುತ್ತದೆ. ಕಲ್ಲಿನ ಮೇಲೆ ಎಳೆದರೆ ತಳದ ಹಾಳೆ ಹರಿಯುವುದರಿಂದ ಪ್ರತಿಸಲವೂ ಅದನ್ನು ನೋಡಿಯೇ ನೀರಿಗಿಳಿಸಬೇಕು. ಹೊಳೆ ದಾಟುವಾಗ ಸೆಳವು ಕೆಳಕ್ಕೆ ಒಯ್ಯುತ್ತದೆ. ಅದಕ್ಕಾಗಿಯೇ ಅಂಬಿಗರು ಹರಿಗೋಲನ್ನು ತಲೆಯ ಮೇಲೆ ಹೊತ್ತು ದಂಡೆಗುಂಟ ಮೇಲಕ್ಕೆ ನಡೆದು, ಅಲ್ಲಿಂದ ಬಿಡುತ್ತಾರೆ.

ಇಷ್ಟು ಕೆಲವು ವಾರಗಳಲ್ಲಿ ಕೈಗೆ ಬರುತ್ತದೆ. ಹೊಳೆಯನ್ನು ಅರಿಯಲು ಹೆಚ್ಚು ಕಾಲ ಬೇಕು. ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ 51 ಟಿಎಂಸಿ ಸಾಮರ್ಥ್ಯದ ರಾಜಾ ಲಖಮಗೌಡ ಜಲಾಶಯವಿದೆ. ಅದರ ವಿಶಾಲ ಹಿನ್ನೀರಿನಲ್ಲಿ ಗಾಳಿ ಎದ್ದರೆ ಹಗುರವಾದ ಹರಿಗೋಲು ದಡ ಬಿಟ್ಟು ದೂರ ಸರಿಯುತ್ತದೆ. ಅಣೆಕಟ್ಟೆಯ ಕೆಳಗೆ, 19ನೇ ಶತಮಾನದ ಕೊನೆಯಲ್ಲಿ ಕಟ್ಟಿದ ಧೂಪದಾಳ ಒಡ್ಡು ಇದೆ. ಅದನ್ನು ದಾಟಿದ ನೀರು ಮುಂದೆ ಗೋಕಾಕ ಜಲಪಾತದಲ್ಲಿ 52 ಮೀಟರ್ ಆಳಕ್ಕೆ ಧುಮುಕುತ್ತದೆ. ಇಲ್ಲಿ ಹುಟ್ಟು ಕೈತಪ್ಪಿದರೆ ಎರಡನೆಯ ಅವಕಾಶವಿಲ್ಲ.

ಗೋಕಾಕದ ಮೇಲಿನ ಆಕಾಶವನ್ನು ನೋಡಿ ಹೊಳೆಯ ಅಂದಾಜು ಮಾಡುವುದೂ ಅಪಾಯವೇ. ಇಲ್ಲಿ ಬಿಸಿಲಿದ್ದಾಗಲೂ ಸಹ್ಯಾದ್ರಿಯಲ್ಲಿ ಮಳೆ ಸುರಿಯುತ್ತಿರಬಹುದು. ಹಿಡಕಲ್‌ನ ಗೇಟು ಮುಚ್ಚಿದ್ದರೂ ಅಣೆಕಟ್ಟೆಯ ಕೆಳಗೆ ಬಂದು ಕೂಡುವ ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳು ನೀರು ತರುತ್ತವೆ. 2019ರ ಆಗಸ್ಟ್‌ನಲ್ಲಿ ಗೋಕಾಕ ನಗರಕ್ಕೇ ನೀರು ನುಗ್ಗಿ, ಲೋಳಸೂರ ಸೇತುವೆ ಮುಳುಗಿತು. ಕೆಳಗಿನ ಮೂಡಲಗಿ ತಾಲ್ಲೂಕಿನ ನದಿತೀರದ ಹಳ್ಳಿಗಳೂ ಸಂಕಷ್ಟಕ್ಕೆ ಸಿಲುಕಿದವು.

ಯಂತ್ರವಿಲ್ಲದ ದೋಣಿಗಳನ್ನೂ ಸ್ಥಳೀಯವಾಗಿ ದಾಖಲಿಸುವ ವ್ಯವಸ್ಥೆಗೆ 2021ರ ಒಳನಾಡು ಹಡಗುಗಳ ಕಾಯ್ದೆ ಅವಕಾಶ ನೀಡಿದೆ. ಆದರೆ ಇಂದು ನೀರಿಗಿಳಿಯಬೇಕೇ ಬೇಡವೇ ಎಂಬ ತೀರ್ಮಾನವನ್ನು ಯಾವ ದಾಖಲೆಯೂ ಹೇಳಲಾರದು. ನೀರಿನ ಬಣ್ಣ ಕೆಂಪಾದರೆ, ಕಸಕಡ್ಡಿ ತೇಲಿಬರತೊಡಗಿದರೆ, ನಿನ್ನೆ ಕಂಡ ಬಂಡೆ ಇಂದು ಕಾಣದಿದ್ದರೆ, ಹರಿಗೋಲನ್ನು ದಂಡೆಯ ಮೇಲೆ ಬೋರಲು ಹಾಕಿ ಮನೆಗೆ ಮರಳುವವನೇ ಪಳಗಿದ ಅಂಬಿಗ.