ಕತ್ತರಿ ತಪ್ಪಿಸಿಕೊಂಡ ನೋಟು

'ನಿನ್ನ ಜೇಬಲ್ಲಿರೋ ನೋಟನ್ನ ನಡುವೆ ಕತ್ತರಿಸು' ಅಂತ ಸರ್ಕಾರವೇ ಹೇಳಿದ್ರೆ ಹೇಗಿರುತ್ತೆ? ತಮಾಷೆ ಅಲ್ಲ ಸ್ವಾಮಿ. 1950ರ ಮಾರ್ಚ್‌ನಲ್ಲಿ ಇಂಡೋನೇಷ್ಯಾದಲ್ಲಿ ನಿಜಕ್ಕೂ ನಡೆದದ್ದು.

ಡಚ್ಚರ ಆಳ್ವಿಕೆಯಲ್ಲಿ, 1828ರಲ್ಲಿ, ಬಟಾವಿಯಾದಲ್ಲಿ, ಅಂದರೆ ಇವತ್ತಿನ ಜಕಾರ್ತಾದಲ್ಲಿ, ಜಾವಾ ಬ್ಯಾಂಕ್ ಶುರುವಾಯ್ತು. ಅದರ ಸಣ್ಣ ನೋಟುಗಳು ಸಂಗ್ರಹಕಾರರಿಗೆ ಇವತ್ತೂ ಸಿಗುತ್ತವೆ. 500, 1000 ಗಿಲ್ಡರ್ ನೋಟು ಸಿಗೋದು ಬಲು ಕಷ್ಟ. ಯಾಕೆ?

ಮೊದಲನೇ ಕಾರಣ ಸರಳ. ಅಂಥ ನೋಟು ಕಂಡವರೇ ಕಡಿಮೆ. ತೋಟದ ಕೂಲಿಯವನ ದಿನಗೂಲಿ ಸೆಂಟ್ ಲೆಕ್ಕದ ಚಿಲ್ಲರೆ. ನೂರು ಸೆಂಟ್ ಸೇರಿದರೆ ಒಂದು ಗಿಲ್ಡರ್. ಸಾವಿರದ ನೋಟು ಅವನ ಪಾಲಿಗೆ ಕಥೆ ಅಷ್ಟೇ.

ಎರಡನೇ ಕಾರಣವೇ ಕತ್ತರಿ. 1949ರ ಡಿಸೆಂಬರ್ 27ರಂದು ಡಚ್ಚರು ಅಧಿಕಾರ ಬಿಟ್ಟುಕೊಟ್ಟರು. ಜೊತೆಗೆ ದೊಡ್ಡ ಸಾಲವನ್ನೂ ಹೊರಿಸಿ ಹೋದರು. ಮಾರುಕಟ್ಟೆಯಲ್ಲಿ ಹಲವು ಬಗೆಯ ನೋಟು, ಬೆಲೆಗಳಿಗೆ ಲಗಾಮಿಲ್ಲ, ಖಜಾನೆ ಖಾಲಿ. ಹಣಕಾಸು ಸಚಿವ ಸ್ಯಾಫ್ರುದ್ದೀನ್ ಪ್ರವಿರನೆಗಾರ ಆದೇಶ ಹೊರಡಿಸಿದರು: ಡಚ್ಚರ ಕಾಲದ 5 ಗಿಲ್ಡರ್ ಮತ್ತು ಅದಕ್ಕಿಂತ ದೊಡ್ಡ ನೋಟುಗಳನ್ನು ಎರಡು ಮಾಡಿ. ಎಡಗಡೆ ತುಂಡು ಅರ್ಧ ಬೆಲೆಗೆ ಗಡುವಿನವರೆಗೆ ನಡೆಯುತ್ತೆ, ಅಷ್ಟರೊಳಗೆ ಹೊಸ ನೋಟಿಗೆ ಬದಲಿಸಿಕೊಳ್ಳಿ. ಬಲಗಡೆ ತುಂಡಿಗೆ ಸರ್ಕಾರಿ ಬಾಂಡ್. ಅಂದರೆ ಏನಾಯ್ತು? ನಿಮ್ಮನ್ನ ಕೇಳದೇ ನಿಮ್ಮ ಅರ್ಧ ದುಡ್ಡನ್ನ ಸರ್ಕಾರ ಸಾಲ ತಗೊಂಡ ಹಾಗಾಯ್ತು! ಬ್ಯಾಂಕ್ ಠೇವಣಿಯನ್ನೂ ಬಿಡಲಿಲ್ಲ. ಜನ ಅದಕ್ಕೆ ಇಟ್ಟ ಹೆಸರು 'ಸ್ಯಾಫ್ರುದ್ದೀನ್ ಕತ್ತರಿ'.

ಸಚಿವರ ಲೆಕ್ಕ ತಪ್ಪು ಅಂತ ನಾನು ಹೇಳಲ್ಲ. ಚಲಾವಣೆಯಲ್ಲಿದ್ದ ಹಣ ತಗ್ಗಿಸಲೇಬೇಕಿತ್ತು. 5 ಗಿಲ್ಡರ್‌ಗಿಂತ ಸಣ್ಣ ನೋಟು, ಚಿಲ್ಲರೆ ಮುಟ್ಟಲಿಲ್ಲ, ಹಾಗಾಗಿ ತೀರಾ ಬಡವನಿಗೆ ಏಟು ಕಡಿಮೆ. ಆದರೆ ಹಾಸಿಗೆ ಕೆಳಗೆ ಕೂಡಿಟ್ಟವನ ನಂಬಿಕೆ? 1959ರ ಆಗಸ್ಟ್‌ನಲ್ಲಿ ಅದೇ ದೇಶ 500, 1000 ರೂಪಾಯ ನೋಟಿನ ಬೆಲೆಯನ್ನ ಹತ್ತನೇ ಒಂದು ಭಾಗಕ್ಕೆ ಇಳಿಸಿತು. ಸಾವಿರ ಇಟ್ಟುಕೊಂಡು ಮಲಗಿದವನು ನೂರು ಇಟ್ಟುಕೊಂಡು ಎದ್ದ.

ನಮಗೇನು ಇದು ಹೊಸದಲ್ಲ. 1946, 1978, 2016. ಮೂರು ಸಲ ದೊಡ್ಡ ನೋಟು ರದ್ದಾಗಿದ್ದನ್ನ ಈ ದೇಶ ನೋಡಿದೆ. ನಮ್ಮ ಹಳೇ ಹತ್ತು ಸಾವಿರದ ನೋಟೂ ಅಪರೂಪವೇ.

ಅದಕ್ಕೇ ಹೇಳೋದು, ಕತ್ತರಿ ಬೀಳದ ಹಳೇ ದೊಡ್ಡ ನೋಟು ಕಂಡಾಗ ಅದರ ಇವತ್ತಿನ ಬೆಲೆ ಮಾತ್ರ ಕೇಳಬೇಡಿ. ಅದು ಗಡುವಿನೊಳಗೆ ಬ್ಯಾಂಕಿಗೆ ಹೋಗಲಾಗದ ಯಾರದೋ ಉಳಿತಾಯ ಇದ್ದೀತು. ಇವತ್ತು ಸಂಗ್ರಹಕಾರನಿಗೆ ಸಿಕ್ಕ ನಿಧಿ, ಅವತ್ತು ಒಂದು ಮನೆ ಕಳಕೊಂಡ ದುಡ್ಡು.