ಉಚಿತ ಸರಕಿಗೆ 35 ಕೋಟಿ ಡಾಲರ್

2007ರಲ್ಲಿ ಯಾಹೂ ಕಂಪನಿಯು ಜಿಂಬ್ರಾ ಎಂಬ ಚಿಕ್ಕ ಕಂಪನಿಯನ್ನು 35 ಕೋಟಿ ಡಾಲರಿಗೆ ಕೊಂಡುಕೊಂಡಿತು. ಜಿಂಬ್ರಾದವರು ಮಾಡುತ್ತಿದ್ದುದು ಇ-ಮೇಲ್, ಕ್ಯಾಲೆಂಡರ್, ವಿಳಾಸ ಪುಸ್ತಕ ಎಲ್ಲವೂ ಒಂದೇ ಕಡೆ ಸಿಗುವಂಥ ತಂತ್ರಾಂಶ. ವಿಚಿತ್ರವೆಂದರೆ ಅದರ ಬಹುಪಾಲು ಸೋರ್ಸ್ ಕೋಡನ್ನು ಯಾರು ಬೇಕಾದರೂ ಪುಕ್ಕಟೆಯಾಗಿ ಇಳಿಸಿಕೊಳ್ಳಬಹುದಿತ್ತು. ಹಾಗಾದರೆ ಯಾಹೂ ಅಷ್ಟು ಹಣ ಕೊಟ್ಟದ್ದು ಯಾವುದಕ್ಕೆ? ಲೆಕ್ಕಶಾಸ್ತ್ರದಲ್ಲಿ ಗುಡ್‌ವಿಲ್ ಪಾಠ ನಡೆಯುತ್ತಿದ್ದಾಗ ನನಗೆ ಹಿಡಿದ ಪ್ರಶ್ನೆ ಇದು. ವಿಜ್ಞಾನ ವಿಭಾಗದವರು ಕೋಡ್ ನೋಡಲಿ, ನಾನು ಲೆಕ್ಕ ನೋಡುತ್ತೇನೆ ಎಂದು ಓದಲು ಕುಳಿತೆ. ಆದರೆ ಕೋಡ್ ಸ್ವಲ್ಪವಾದರೂ ತಿಳಿಯದೆ ಲೆಕ್ಕ ತಿಳಿಯುವುದಿಲ್ಲ.

ಜಿಂಬ್ರಾದವರು ಎಲ್ಲವನ್ನೂ ತಾವೇ ಬರೆಯಲಿಲ್ಲ. ಪತ್ರವನ್ನು ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಸಾಗಿಸುವ ಕೆಲಸ ಪೋಸ್ಟ್‌ಫಿಕ್ಸ್‌ನದು. ಅದನ್ನು ವೀಟ್ಸೆ ವೆನೆಮಾ ಎಂಬವರು ಐಬಿಎಂನಲ್ಲಿದ್ದಾಗ ಬರೆದು 1998ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಯಾರು ಬಳಕೆದಾರ, ಅವನ ಪಾಸ್‌ವರ್ಡ್ ಏನು ಎಂಬ ಹಾಜರಿ ಪುಸ್ತಕ ಓಪನ್ ಎಲ್‌ಡ್ಯಾಪ್. ವೈರಸ್ ಹುಡುಕುವುದು ಕ್ಲ್ಯಾಮ್‌ಎವಿ. ಕಸದ ಮೇಲ್ ಬೇರ್ಪಡಿಸುವುದು ಸ್ಪ್ಯಾಮ್ ಅಸಾಸಿನ್. ಇದು ಪ್ರತಿ ಪತ್ರಕ್ಕೂ ಅನುಮಾನದ ಅಂಕ ಹಾಕುತ್ತದೆ, ಸಾಮಾನ್ಯವಾಗಿ 5 ಮುಟ್ಟಿದರೆ ಅದು ಕಸ. ನಮ್ಮ ಪರೀಕ್ಷೆಗೆ ಪೂರ್ತಿ ಉಲ್ಟಾ, ಇಲ್ಲಿ ಹೆಚ್ಚು ಅಂಕ ತೆಗೆದವನೇ ಫೇಲ್. ಜಿಂಬ್ರಾದವರು ಇವೆಲ್ಲವನ್ನೂ ಒಟ್ಟಿಗೆ ಜೋಡಿಸಿ, ಪತ್ರ ಸಂಗ್ರಹಿಸಿಡುವ ಭಾಗವನ್ನೂ ಬ್ರೌಸರ್‌ನಲ್ಲಿ ಕಾಣುವ ಪುಟವನ್ನೂ ತಾವು ಬರೆದರು. (ಹೆಸರು ಬಂದದ್ದು ಟಾಕಿಂಗ್ ಹೆಡ್ಸ್ ಎಂಬ ತಂಡದ ಒಂದು ಹಾಡಿನಿಂದ. ಆ ಹಾಡಿನ ಪದಗಳಿಗೆ ಅರ್ಥವೇ ಇಲ್ಲವಂತೆ!)

ಇಂಥ ಜೋಡಣೆ ಸಾಧ್ಯವಾಗಲು ಇನ್ನೊಂದು ಕಾರಣವಿದೆ. ಇ-ಮೇಲ್ ಸಾಗಿಸುವ ನಿಯಮ, ಎಸ್‌ಎಂಟಿಪಿ, 1982ರಲ್ಲೇ ಬಹಿರಂಗವಾಗಿ ಪ್ರಕಟವಾಗಿದೆ. ಅದಕ್ಕೆ ಮಾಲೀಕರಿಲ್ಲ. ವಾಟ್ಸಾಪ್‌ನಿಂದ ಟೆಲಿಗ್ರಾಂಗೆ ಸಂದೇಶ ಹೋಗುವುದಿಲ್ಲ. ಆದರೆ ನಮ್ಮ ಕಾಲೇಜು ನಾಳೆ ಸ್ವಂತ ಸರ್ವರ್ ಇಟ್ಟರೆ ಅಲ್ಲಿಂದ ಜಿಮೇಲ್‌ಗೂ ಪತ್ರ ಹೋಗುತ್ತದೆ, ಬರುತ್ತದೆ.

ಸ್ವಂತ ಸರ್ವರ್ ಏಕೆ ಬೇಕು ಎಂದು ಕೇಳಬಹುದು. ನಮ್ಮ ಮಾಮೂ ಅವರ ಅಂಗಡಿಯ ಮೇಲ್ ಖಾತೆ ಒಂದು ದಿನ ಇದ್ದಕ್ಕಿದ್ದಂತೆ ಮುಚ್ಚಿಹೋಯಿತು. ನಾಲ್ಕು ವರ್ಷದ ಬಿಲ್ಲುಗಳು, ಜಿಎಸ್‌ಟಿ ಕಾಗದಗಳು ಅದರಲ್ಲಿದ್ದವು. ಕಾರಣ ತಿಳಿಸಲಿಲ್ಲ, ಫೋನ್ ಮಾಡಿ ಕೇಳಲು ಒಂದು ನಂಬರ್ ಕೂಡ ಇರಲಿಲ್ಲ. ನಮ್ಮ ಮನೆಯ ಉರ್ದುವಿನಲ್ಲಿ ಅಮಾನತ್ ಎಂದರೆ ನಂಬಿಕೆಯ ಮೇಲೆ ಇನ್ನೊಬ್ಬರ ಹತ್ತಿರ ಇಟ್ಟ ವಸ್ತು, ಕೇಳಿದಾಗ ಹಾಗೇ ಹಿಂತಿರುಗಿಸಬೇಕು. ಕನ್ನಡ ಪತ್ರಿಕೆಗಳಲ್ಲಿ ಅಧಿಕಾರಿ ಅಮಾನತು ಎಂದು ಓದಿದಾಗಲೆಲ್ಲ ನನಗೆ ನಗು ಬರುತ್ತಿತ್ತು. ಮಾಮೂ ಅವರ ವಿಷಯದಲ್ಲಿ ಎರಡು ಅರ್ಥವೂ ಸರಿಹೋಯಿತು: ಅಮಾನತ್ ಇಟ್ಟ ಪತ್ರಗಳೇ ಅಮಾನತಾದವು. ನಮ್ಮ ವಿದ್ಯಾರ್ಥಿವೇತನದ ಅರ್ಜಿ, ಸಿಇಟಿ ಮಾಹಿತಿ ಎಲ್ಲವೂ ಇಂಥ ಖಾತೆಗಳಿಗೇ ಬರುತ್ತವೆ ಎಂಬುದನ್ನು ನೆನಪಿಡಿ.

ಹಾಗೆಂದು ಸ್ವಂತ ಸರ್ವರ್ ನಡೆಸುವುದು ಸುಲಭವಲ್ಲ. ಬೆಂಗಳೂರಿನಲ್ಲಿ ಇದೇ ಕೆಲಸ ಮಾಡುವ ನಮ್ಮ ಖಾಲಾ ಮಗನನ್ನು ಕೇಳಿದಾಗ ಅವರು ಹೇಳಿದ್ದು, ಹಾಕುವುದು ಒಂದು ದಿನದ ಕೆಲಸ, ಕಾಯುವುದು ದಿನದಿನದ ಕೆಲಸ. ನಮ್ಮ ಹೆಸರಿನಲ್ಲಿ ಯಾವ ಸರ್ವರ್ ಪತ್ರ ಕಳಿಸಬಹುದು ಎಂದು ಎಸ್‌ಪಿಎಫ್ ದಾಖಲೆಯಲ್ಲಿ ಬರೆದಿಡಬೇಕು. ಪ್ರತಿ ಪತ್ರಕ್ಕೂ ಡಿಕಿಮ್ ಎಂಬ ಡಿಜಿಟಲ್ ಮೊಹರು ಬೀಳಬೇಕು. ಇವೆರಡೂ ಇಲ್ಲದಿದ್ದರೆ ದೊಡ್ಡ ಕಂಪನಿಗಳು ನಮ್ಮ ಪತ್ರವನ್ನು ಕಸದ ಬುಟ್ಟಿಗೆ ಹಾಕುತ್ತವೆ. ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಕಳಿಸುವವರಿಗೆ ಜಿಮೇಲ್ 2024ರ ಫೆಬ್ರವರಿಯಿಂದ ಇವೆರಡನ್ನೂ, ಜೊತೆಗೆ ಡಿಮಾರ್ಕ್ ಎಂಬ ಮೂರನೆಯದನ್ನೂ ಕಡ್ಡಾಯ ಮಾಡಿದೆ.

ಕಾಯದಿದ್ದರೆ ಏನಾಗುತ್ತದೆ ಎಂಬುದಕ್ಕೆ 2022ರಲ್ಲಿ ಜಿಂಬ್ರಾಗೆ ಆದದ್ದೇ ಸಾಕ್ಷಿ. ಬಂದ ಪತ್ರದ ಲಗತ್ತುಗಳನ್ನು ತಪಾಸಣೆಗಾಗಿ ಬಿಚ್ಚುವಾಗ ಅದು ಸಿಪಿಐಒ ಎಂಬ ಹಳೆಯ ಉಪಕರಣವನ್ನು ಬಳಸುತ್ತಿತ್ತು. ಕುತಂತ್ರದಿಂದ ಕಟ್ಟಿದ ಗಂಟನ್ನು ಅದು ಬಿಚ್ಚಿದರೆ ಒಳಗಿನ ಕಡತ ಇರಬೇಕಾದ ಜಾಗ ಬಿಟ್ಟು ಬೇರೆ ಕಡೆ ಹೋಗಿ ಕೂರುತ್ತಿತ್ತು. ಕಳ್ಳರು ಅಂಥ ಪತ್ರ ಕಳಿಸಿದರು. ಅದನ್ನು ಯಾರೂ ತೆರೆದು ಓದಬೇಕಾಗಿಯೂ ಇರಲಿಲ್ಲ, ಚೀಲ ತಪಾಸಣೆ ಮಾಡುವ ಕಾವಲುಗಾರನೇ ಬಾಗಿಲು ತೆರೆದುಕೊಟ್ಟ ಹಾಗಾಯಿತು. ತಾತ್ಕಾಲಿಕ ಪರಿಹಾರ ಪ್ಯಾಕ್ಸ್ ಎಂಬ ಇನ್ನೊಂದು ಪುಟ್ಟ ಉಪಕರಣ ಹಾಕಿ ಸರ್ವರ್ ಸೇವೆಯನ್ನು ಮತ್ತೆ ಶುರು ಮಾಡುವುದು, ಅಷ್ಟೇ. ಆದರೆ ಆ ಸುದ್ದಿ ಓದಿ ಅದೇ ದಿನ ಆ ಕೆಲಸ ಮಾಡಲು ಒಬ್ಬ ಮನುಷ್ಯ ಬೇಕು, ಅವನಿಗೆ ಸಂಬಳ ಬೇಕು.

ಯಾಹೂ ಕೊಟ್ಟ ಹಣದ ಲೆಕ್ಕ ಇಲ್ಲೇ ಇದೆ ಎಂದು ನನಗನ್ನಿಸುತ್ತದೆ. ಕೋಡ್ ಪುಕ್ಕಟೆ, ಕೋಡ್ ಬಲ್ಲವರು ಪುಕ್ಕಟೆಯಲ್ಲ. ಜಿಂಬ್ರಾ ಎರಡು ಆವೃತ್ತಿ ಇಟ್ಟಿತ್ತು. ಪುಕ್ಕಟೆಯದರಲ್ಲಿ ಮೇಲ್ ಚೆನ್ನಾಗಿಯೇ ನಡೆಯುತ್ತಿತ್ತು. ಹಣ ಕೊಟ್ಟವರಿಗೆ ಬ್ಯಾಕಪ್, ಮೊಬೈಲ್ ಹೊಂದಾಣಿಕೆ, ಕೆಟ್ಟರೆ ಸಹಾಯ ಸಿಗುತ್ತಿತ್ತು. ಯಾಹೂ ಕೊಂಡದ್ದು ಆ ಗಿರಾಕಿಗಳನ್ನು, ಆ ಎಂಜಿನಿಯರುಗಳನ್ನು, ಆ ಹೆಸರನ್ನು. ಆಸ್ತಿ ಹೊಣೆ ಪಟ್ಟಿಯಲ್ಲಿ ಗುಡ್‌ವಿಲ್ ಎಂದು ಬರೆಯುವುದು ಹೆಚ್ಚುಕಡಿಮೆ ಇದನ್ನೇ ತಾನೆ?

ಮುಂದೆ ಮಾಲೀಕರು ಬದಲಾಗುತ್ತಲೇ ಹೋದರು: 2010ರಲ್ಲಿ ವಿಎಂವೇರ್, 2013ರಲ್ಲಿ ಟೆಲಿಜೆಂಟ್, 2015ರಲ್ಲಿ ಸಿನಾಕೋರ್. 2020ರಲ್ಲಿ 9ನೇ ಆವೃತ್ತಿ ಬಂದಾಗ ಸೋರ್ಸ್ ಕೋಡ್ ಕೊಟ್ಟರು, ನೇರವಾಗಿ ಹಾಕಿಕೊಳ್ಳುವ ಸಿದ್ಧ ರೂಪವನ್ನು ಪುಕ್ಕಟೆಯಾಗಿ ಕೊಡುವುದು ನಿಲ್ಲಿಸಿದರು. ಗೋಧಿ ಇದೆ, ರೊಟ್ಟಿ ನೀವೇ ಮಾಡಿಕೊಳ್ಳಿ ಎಂದ ಹಾಗೆ. ಸಿಟ್ಟಾದವರು ಬಹಳ. ಆದರೆ ಪರವಾನಗಿಯ ಪ್ರಕಾರ ಒಮ್ಮೆ ಕೊಟ್ಟ ಕೋಡನ್ನು ಹಿಂದಕ್ಕೆ ಪಡೆಯುವಂತಿಲ್ಲ. ಇಟಲಿಯ ಝೆಕ್ಸ್‌ಟ್ರಾಸ್ ಎಂಬ ಕಂಪನಿ ಆ ಗೋಧಿಯಿಂದ ತಾನೇ ರೊಟ್ಟಿ ಮಾಡಿ ಹಂಚಿತು, ನಂತರ ಕಾರ್ಬೋನಿಯೋ ಎಂಬ ತನ್ನದೇ ತಂತ್ರಾಂಶವನ್ನೂ ತಂದಿತು. ಬೇರೆ ಕಂಪನಿಯ ಮುಚ್ಚಿದ ಕೋಡ್ ಆಗಿದ್ದರೆ ಗಿರಾಕಿಗಳಿಗೆ ಈ ದಾರಿಯೇ ಇರುತ್ತಿರಲಿಲ್ಲ.

ನಮ್ಮಂಥ ಕಾಲೇಜು ಮೇಲ್ ಸರ್ವರ್‌ನಿಂದಲೇ ಶುರು ಮಾಡುವುದು ನನಗೆ ಸರಿ ಕಾಣುವುದಿಲ್ಲ, ಕಾಯುವವರು ಯಾರು? ನೋಟ್ಸ್, ವೇಳಾಪಟ್ಟಿ ಹಂಚಿಕೊಳ್ಳಲು ನೆಕ್ಸ್ಟ್‌ಕ್ಲೌಡ್ ಎಂಬ ಮುಕ್ತ ತಂತ್ರಾಂಶವಿದೆ, ಲ್ಯಾಬ್‌ನ ಒಂದು ಹಳೆಯ ಕಂಪ್ಯೂಟರಿನಲ್ಲೂ ಅದನ್ನು ಹಾಕಿ ನೋಡಬಹುದು. ಅಲ್ಲಿಯವರೆಗೆ ಥಂಡರ್‌ಬರ್ಡ್ ಹಾಕಿಕೊಂಡು ನಿಮ್ಮ ಮುಖ್ಯ ಪತ್ರಗಳ ಪ್ರತಿಯನ್ನು ನಿಮ್ಮ ಕಂಪ್ಯೂಟರಿನ ಫೋಲ್ಡರಿಗೇ ಇಳಿಸಿಟ್ಟುಕೊಳ್ಳಿ. ಅದೂ ಪುಕ್ಕಟೆಯೇ, ನಡೆಯುತ್ತಿರುವುದು ಬಹುಪಾಲು ಜನ ಕೊಡುವ ದೇಣಿಗೆಯಿಂದ. ಮಾಮೂ ಈಗ ಪ್ರತಿ ಶುಕ್ರವಾರ ನಮಾಜ್ ಮುಗಿಸಿ ಬಂದು ಅದೇ ಕೆಲಸ ಮಾಡುತ್ತಾರೆ.